ಬರೆದವರ ಧಾಟಿ ಹಿಡಿಯುವುದು ಹೇಗೆ: ಪೆನ್ಸಿಲ್ ಹಿಡಿದು ಓದುವವರಿಗೊಂದು ಸಮಗ್ರ ಮಾರ್ಗದರ್ಶಿ

ಬಹಳ ದಿನಗಳ ಮೇಲೆ ನೆಂಟರ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದೀರಿ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಏನಪ್ಪಾ, ದಾರಿ ತಪ್ಪಿ ಬಂದೆಯಾ?" ಎನ್ನುತ್ತಾರೆ. ನೀವು ನಗುತ್ತ ಚಪ್ಪಲಿ ಕಳಚುತ್ತೀರಿ. ಆಸ್ತಿ ಪಾಲಾದಾಗ ಮಾತು ಬಿಟ್ಟ ದೊಡ್ಡಪ್ಪ ಅದೇ ಮಾತನ್ನು ಹೇಳಿದರೆ, ಕಳಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಳ್ಳೋಣವೇ ಎನ್ನಿಸುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ, ಧಾಟಿ ಬದಲಾಗಿದೆ. ದನಿಯ ಏರಿಳಿತದಿಂದ ಮಾತಿನ ಅರ್ಥವೇ ತಿರುಗುವ ಇಂಥ ಕಡೆಗೆ ನಮ್ಮ ಅಲಂಕಾರಶಾಸ್ತ್ರದವರು ಕಾಕು ಎಂಬ ಹೆಸರಿಟ್ಟರು.

ಎದುರಿಗಿನ ಮಾತಿನಲ್ಲಿ ಇದನ್ನು ಹಿಡಿಯಲು ಯಾರಿಗೂ ಪಾಠ ಬೇಕಿಲ್ಲ. ಅಮ್ಮ "ಬಾ ಇಲ್ಲಿ" ಎಂದದ್ದು ಮುದ್ದಿಗೋ ಪೆಟ್ಟಿಗೋ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ಕಷ್ಟ ಇರುವುದು ಪುಟದ ಮೇಲೆ. ಅಲ್ಲಿ ಮುಖವಿಲ್ಲ, ಹುಬ್ಬಿಲ್ಲ, ದನಿಯಿಲ್ಲ. ಮೊಬೈಲಿಗೆ ಬಂದ ಒಂಟಿ "ಆಯಿತು" ಎಂಬ ಉತ್ತರಕ್ಕೆ ಎಷ್ಟು ಮನೆಗಳಲ್ಲಿ ಮುನಿಸು ಹುಟ್ಟಿದೆ ಎಂಬುದನ್ನು ನೆನೆದರೆ ಸಾಕು. ಒಳ್ಳೆಯ ಬರಹಗಾರರು ದನಿಯನ್ನು ಪುಟದಲ್ಲಿ ಎಲ್ಲೆಲ್ಲೋ ಅಡಗಿಸಿ ಇಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ಹುಡುಕುವ ಕೆಲಸವನ್ನು ಹಂತಹಂತವಾಗಿ ನೋಡೋಣ.

ಮೊದಲು: ಧಾಟಿ ಬೇರೆ, ಭಾವ ಬೇರೆ

ಧಾಟಿ ಬರೆದವರದು. ತಾವು ಹೇಳುತ್ತಿರುವ ವಿಷಯದ ಕಡೆಗೆ, ಕೇಳುತ್ತಿರುವ ನಮ್ಮ ಕಡೆಗೆ ಅವರು ತಳೆದ ನಿಲುವು ಅದು. ಭಾವ ಓದುವವರದು. ಪುಟ ಮುಗಿಸುವಾಗ ನಮ್ಮೊಳಗೆ ಬಂದು ಕೂತದ್ದು ಭಾವ. ಇಲ್ಲಿ ಧ್ವನಿ ಎಂಬ ಪದವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಅದನ್ನು ಸೂಚ್ಯಾರ್ಥಕ್ಕೆ ಮೀಸಲಿಟ್ಟ. ಅಂದಿನಿಂದ ಆ ಪದಕ್ಕೆ ಬೇರೆಯೇ ಸಂಸಾರ ಬೆಳೆದುಕೊಂಡಿದೆ.

ಆದರೆ ಆತ ಎತ್ತಿಕೊಂಡ ಒಂದು ಪ್ರಾಕೃತ ಪದ್ಯ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗೋದಾವರಿ ದಡದ ಪೊದೆಗಳ ಹತ್ತಿರ ಒಬ್ಬಳು ತನ್ನ ಪ್ರಿಯನನ್ನು ಕಾಣುತ್ತಿರುತ್ತಾಳೆ. ಅಲ್ಲಿಗೇ ಒಬ್ಬ ಧಾರ್ಮಿಕ ಮಹಾಶಯ ಸುತ್ತಾಡಲು ಬರುತ್ತಾನೆ. ಅವನಿಗೆ ನಾಯಿ ಎಂದರೆ ಹೆದರಿಕೆ. ಅವಳು ಹೇಳುತ್ತಾಳೆ: ನಿಶ್ಚಿಂತೆಯಿಂದ ಓಡಾಡಿ ಸ್ವಾಮಿ, ಆ ನಾಯಿಯನ್ನು ಇಲ್ಲೇ ದಡದ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು! ಮಾತಿನ ಧಾಟಿ ಪೂರ್ತಿ ಸಾಂತ್ವನದ್ದು. ಕೇಳಿದವನಲ್ಲಿ ಹುಟ್ಟುವುದು ನಡುಕ. ಒಳಗುಟ್ಟು ಬಲ್ಲ ನಮಗೆ ಬರುವುದು ನಗು. ಧಾಟಿ ಒಂದೇ, ಭಾವ ಕೇಳುವವರಿಗೆ ತಕ್ಕಂತೆ ಎರಡು. ಧಾಟಿ ದುಃಖದ್ದಾದರೆ ಓದುಗರಿಗೂ ದುಃಖ, ಧಾಟಿ ನಗೆಯದಾದರೆ ಓದುಗರಿಗೂ ನಗೆ ಎಂಬ ನೇರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವೆರಡರ ನಡುವಿನ ಬಿರುಕಿನಲ್ಲೇ ಬರಹದ ಅರ್ಧ ಸೊಗಸು ಇರುತ್ತದೆ.

ಹಂತ 1: ಸುಮ್ಮನೆ ಓದಿ, ಅಂಚಿನಲ್ಲಿ ಒಂದೇ ಪದ ಬರೆಯಿರಿ

ಮೊದಲ ಓದಿನಲ್ಲಿ ಏನನ್ನೂ ಹುಡುಕಬೇಡಿ. ಓದಿ ಮುಗಿದ ಕೂಡಲೇ ನಿಮ್ಮೊಳಗೆ ಏನಿದೆಯೋ ಅದನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ. ಕಸಿವಿಸಿ, ಹಗುರ, ಸಿಟ್ಟು, ಮಂಕು, ಏನಾದರೂ ಸರಿ. ಏನೂ ಆಗಲಿಲ್ಲವೆಂದರೆ ಅದನ್ನೇ ಬರೆಯಿರಿ. ಇದು ತೀರ್ಪಲ್ಲ, ಮುಂದಿನ ಹುಡುಕಾಟಕ್ಕೆ ಒಂದು ಗೂಟ. ಅದನ್ನು ನೆಟ್ಟುಕೊಳ್ಳದೆ ಶುರುಮಾಡಿದವರು ಕೊನೆಗೆ ಪುಸ್ತಕದ ಹಿಂಬದಿಯಲ್ಲಿ ಪ್ರಕಾಶಕರು ಹೇಳಿದ್ದನ್ನೇ ತಮ್ಮ ಅನಿಸಿಕೆ ಎಂದು ನಂಬಿಬಿಡುತ್ತಾರೆ.

ಹಂತ 2: ಧಾಟಿ ಹಿಂಡಿ ತೆಗೆದು ಒಣ ವರದಿ ಮಾಡಿ

ಓದಿದ ಭಾಗದಲ್ಲಿ ನಡೆದದ್ದಿಷ್ಟು ಎಂದು ಪೊಲೀಸ್ ಠಾಣೆಯ ಪಂಚನಾಮೆಯಂತೆ ಎರಡು ಮೂರು ವಾಕ್ಯದಲ್ಲಿ ಬರೆದುಕೊಳ್ಳಿ. ಮೂಲದಲ್ಲಿದ್ದು ನಿಮ್ಮ ವರದಿಯಲ್ಲಿ ಇಲ್ಲದೇ ಹೋದದ್ದರಲ್ಲಿ ಧಾಟಿ ಇದೆ. ಹೇಳಿದರೆ ಸುಲಭವೆನಿಸುವ ಈ ಕೆಲಸ ಮಾಡುವಾಗ ಕೈ ತಡೆಯುತ್ತದೆ. ಒಂದು ಉದಾಹರಣೆಯನ್ನು ನಾನೇ ಕಟ್ಟಿಕೊಡುತ್ತೇನೆ. ವರದಿ ಹೀಗಿದೆ:

*ರಸ್ತೆ ಅಗಲಗೊಳಿಸಲು ಮನೆಯ ಮುಂದಿನ ಹಲಸಿನ ಮರವನ್ನು ಬುಧವಾರ ಕಡಿಯಲಾಯಿತು. ಕೆಲಸ 40 ನಿಮಿಷದಲ್ಲಿ ಮುಗಿಯಿತು. ಮನೆಯ ಹಿರಿಯರಾದ ಗೌರಮ್ಮ ಜಗುಲಿಯಿಂದ ನೋಡಿದರು.*

ಈಗ ಇದೇ ಸಂಗತಿ, ಒಬ್ಬ ಅಂಕಣಕಾರನ ಕೈಯಲ್ಲಿ:

*ಅಂತೂ ನಮ್ಮ ಬೀದಿಗೆ ಅಭಿವೃದ್ಧಿ ದಯಮಾಡಿಸಿತು. ಬುಧವಾರ ಬೆಳಿಗ್ಗೆ ಹಳದಿ ಯಂತ್ರವೇರಿ ಬಂದು, ಅರವತ್ತು ವರ್ಷದಿಂದ ದಾರಿಗೆ ಅಡ್ಡಲಾಗಿ ನಿಂತು ಉದ್ಧಟತನ ತೋರುತ್ತಿದ್ದ ಹಲಸಿನ ಮರವನ್ನು ನಲವತ್ತೇ ನಿಮಿಷದಲ್ಲಿ ವಿಚಾರಿಸಿಕೊಂಡಿತು. ಗೌರಮ್ಮನವರು ಜಗುಲಿಯಲ್ಲಿ ಆಸೀನರಾಗಿ ಈ ಸಮಾರಂಭವನ್ನು ಕಣ್ತುಂಬಿಕೊಂಡರು. ಇನ್ನು ಅವರು ತಾಲ್ಲೂಕು ಕಚೇರಿಯನ್ನು ಐದು ನಿಮಿಷ ಮೊದಲೇ ತಲುಪಬಹುದು. ಅಲ್ಲಿ ಅವರಿಗೆ ಏನೂ ಕೆಲಸವಿಲ್ಲ ಎಂಬುದೊಂದೇ ಕೊರತೆ.*

ಮತ್ತೆ, ಒಬ್ಬ ಕಥೆಗಾರ್ತಿಯ ಕೈಯಲ್ಲಿ:

*ಮರ ಬೀಳುವಾಗ ಗೌರಮ್ಮ ಜಗುಲಿಯಲ್ಲೇ ಇದ್ದಳು. ಯಂತ್ರದ ಸದ್ದು ನಿಂತ ಮೇಲೆ ಎದ್ದು ಒಳಗೆ ಹೋಗಿ ಕೆಲಸದವರಿಗೆ ನೀರು ತಂದಳು. ಎರಡು ಚೊಂಬು. ಒಬ್ಬ ಹುಡುಗ ಕೈಗೆ ಅಂಟಿದ ಹಲಸಿನ ಮೇಣವನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. "ಅದು ಹಾಗೆಲ್ಲ ಹೋಗುವುದಿಲ್ಲಪ್ಪ, ಎಣ್ಣೆ ಹಚ್ಚಬೇಕು" ಎಂದು ಮತ್ತೆ ಒಳಗೆ ಹೋದಳು.*

ಮೊದಲನೆಯದರ ಧಾಟಿ ಕಟಕಿ. ಓದುವಾಗ ತುಟಿಯಲ್ಲಿ ನಗು ಬರುತ್ತದೆ, ಕೊನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಆ ನಗು ಹುಳಿಯಾಗುತ್ತದೆ. ಎರಡನೆಯದರಲ್ಲಿ ಧಾಟಿಯೇ ಇಲ್ಲವೇನೋ ಎನ್ನಿಸಬಹುದು. ಅಳು ಇಲ್ಲ, ನಿಟ್ಟುಸಿರಿಲ್ಲ, ಮರದ ಗುಣಗಾನವಿಲ್ಲ. ಆದರೂ ಗಂಟಲು ಹಿಡಿಯುವುದು ಇದರಲ್ಲೇ. ಮೇಣ ಬಿಡಿಸಲು ಎಣ್ಣೆ ಹಚ್ಚಬೇಕೆಂಬುದು ಎಷ್ಟೋ ಬೇಸಿಗೆ ಆ ಮರದ ಹಣ್ಣು ಬಿಡಿಸಿದ ಕೈಗೆ ಗೊತ್ತಿರುವ ವಿಷಯ. ಮರ ಕಡಿದವನ ಕೈಗೂ ಅದೇ ಉಪಚಾರ. ಇಷ್ಟನ್ನು ಕಥೆಗಾರ್ತಿ ಹೇಳಿಲ್ಲ, ನಮ್ಮಿಂದ ಹೇಳಿಸಿದ್ದಾಳೆ. ಧಾಟಿ ತಣ್ಣಗಿದ್ದಷ್ಟೂ ಭಾವದ ಭಾರವನ್ನು ಓದುಗರೇ ಹೊರಬೇಕಾಗುತ್ತದೆ.

ಮೂರನೆಯ ಕೈಯೂ ಒಂದಿದೆ. "ಅಯ್ಯೋ ವೃಕ್ಷರಾಜನೇ, ನಿನ್ನ ಮೇಲೆ ಕೊಡಲಿ ಎತ್ತಿದ ಆ ಕಟುಕ ಕೈಗಳು ನಡುಗಲಿಲ್ಲವೇ!" ಇದನ್ನು ಮುಂದುವರಿಸುವುದಿಲ್ಲ, ಇಂಥದ್ದು ನಿಮ್ಮ ಊರಿನ ಸ್ಮರಣಸಂಚಿಕೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಬರೆದವರೇ ಅಷ್ಟೊಂದು ಅತ್ತುಬಿಟ್ಟರೆ ಓದುಗರಿಗೆ ಅಳಲು ಏನೂ ಉಳಿಯುವುದಿಲ್ಲ. ಧಾಟಿ ಶೋಕದ್ದು, ಹುಟ್ಟುವ ಭಾವ ಆಕಳಿಕೆ.

ಹಂತ 3: ಕನ್ನಡದ ಚಿಲ್ಲರೆ ಪದಗಳ ಮೇಲೆ ಕಣ್ಣಿಡಿ

ಧಾಟಿ ಹುಡುಕಲು ಹೊರಟವರು ಸಾಮಾನ್ಯವಾಗಿ ದೊಡ್ಡ ಪದಗಳಿಗೆ ಗೆರೆ ಎಳೆಯುತ್ತಾರೆ, ಉಪಮೆ, ರೂಪಕ, ವಿಶೇಷಣ ಎಂದು. ಅವೂ ಬೇಕು. ಆದರೆ ಕನ್ನಡದಲ್ಲಿ ಧಾಟಿಯ ಬಹುಪಾಲು ಪದಗಳ ಬಾಲದಲ್ಲಿರುತ್ತದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು.

ಒಂದು ವಾಕ್ಯ ತೆಗೆದುಕೊಳ್ಳಿ: *ನೀನು ಬಂದೆ.* ಬರಿಯ ಸುದ್ದಿ. *ನೀನೂ ಬಂದೆ*: ಬಂದವರ ಸಾಲಿಗೆ ಇನ್ನೊಬ್ಬ, ಅಥವಾ "ನೀನು ಬೇರೆ ಬಂದೆಯಾ" ಎಂಬ ಬೇಸರ. *ನೀನೇ ಬಂದೆ*: ಅಚ್ಚರಿ. *ನೀನಾದರೂ ಬಂದೆ*: ಬಾರದವರ ಮೇಲಿನ ನೋವೆಲ್ಲ ಇದರಲ್ಲಿದೆ, ಅವರ ಹೆಸರೆತ್ತುವ ಅಗತ್ಯವೇ ಇಲ್ಲ. *ನೀನಂತೂ ಬಂದೆ*: ಇನ್ನು ಉಳಿದವರ ಕಥೆ ನೋಡೋಣ. ಒಂದೆರಡು ಅಕ್ಷರಗಳು ವಾಕ್ಯದ ಹಿಂದೆ ಒಂದಿಡೀ ಮನೆಯ ಜಗಳವನ್ನು ತಂದು ನಿಲ್ಲಿಸುತ್ತವೆ.

ಕ್ರಿಯಾಪದದ ಬಾಲವನ್ನೂ ಹಾಗೆಯೇ ನೋಡಿ. *ಹೇಳಿದ* ಎಂದರೆ ಹೇಳಿದ, ಅಷ್ಟೇ. *ಹೇಳಿಬಿಟ್ಟ* ಎಂದರೆ ತಡೆಯಲಾಗಲಿಲ್ಲ, ಇನ್ನು ಹಿಂದಕ್ಕೆ ಪಡೆಯುವಂತಿಲ್ಲ; ಹೇಳಬಾರದಿತ್ತು ಎಂಬ ನಿರೂಪಕನ ಅಳುಕೂ ಸೇರಿಕೊಂಡಿದೆ. *ಹೇಳಿಕೊಂಡ* ಎಂದಾಗ ಹೇಳಿದವನ ಎದೆಯ ಭಾರ ಇಳಿದದ್ದು ಕಾಣುತ್ತದೆ, ನಿರೂಪಕ ಅವನ ಪಕ್ಕಕ್ಕೆ ಬಂದು ಕೂತಿದ್ದಾನೆ. *ಹೇಳಿಟ್ಟ* ಎಂದರೆ ಮುಂದೇನೋ ಆಗಲಿದೆ. ಮೇಲಿನ ಅಂಕಣಕಾರ ಮರವನ್ನು "ಕಡಿಯಿತು" ಎನ್ನದೆ "ವಿಚಾರಿಸಿಕೊಂಡಿತು" ಎಂದದ್ದನ್ನು ಮತ್ತೆ ನೋಡಿ. ರೌಡಿಗಳು ಆಡುವ ಮಾತನ್ನು ಅಭಿವೃದ್ಧಿಯ ಬಾಯಿಗೆ ಹಾಕಿದ್ದಾನೆ.

ಇನ್ನು *ಅಂತೆ*. "ಅವರು ಬಹಳ ಪ್ರಾಮಾಣಿಕರು" ಎಂಬುದಕ್ಕೂ "ಅವರು ಬಹಳ ಪ್ರಾಮಾಣಿಕರಂತೆ" ಎಂಬುದಕ್ಕೂ ನಡುವೆ ಇರುವುದು ಎರಡಕ್ಷರ. ಎರಡನೆಯದನ್ನು ಬರೆದವರು ಸುಳ್ಳೂ ಹೇಳಿಲ್ಲ, ಆಪಾದನೆಯನ್ನೂ ಮಾಡಿಲ್ಲ. ಅನುಮಾನವನ್ನು ಮಾತ್ರ ಓದುಗರ ಜೇಬಿಗೆ ಹಾಕಿ ಹೋಗಿದ್ದಾರೆ.

ಪದ ಯಾವ ಮನೆಯಿಂದ ಬಂದದ್ದು ಎಂಬುದನ್ನೂ ಕೇಳಿಕೊಳ್ಳಿ. ಒಬ್ಬರು ಸತ್ತ ಸುದ್ದಿಯನ್ನು ಕನ್ನಡ ಎಷ್ಟು ಬಗೆಯಲ್ಲಿ ಹೇಳುತ್ತದೆ! ನಿಧನರಾದರು ಎಂಬುದು ಪತ್ರಿಕೆಯ ಮಾತು. ಕಾಲವಾದರು ಹಳೆಯ ಕಾಗದಗಳ ಮಾತು. ತೀರಿಕೊಂಡರು ಎನ್ನುವುದು ಮನೆಯವರು. ಹೋಗಿಬಿಟ್ಟರು ಎಂಬಲ್ಲಿ ದಿಗಿಲು ಇನ್ನೂ ಆರಿಲ್ಲ. ಶಿವೈಕ್ಯ, ವೈಕುಂಠವಾಸಿ ಎಂಬ ಪದಗಳಲ್ಲಿ ಸತ್ತವರ ಮತವೂ ಬದುಕಿರುವವರ ಗೌರವವೂ ಇವೆ. ನೆಗೆದುಬಿದ್ದ ಎಂದವನಿಗೆ ಸತ್ತವನ ಮೇಲೆ ಹಳೆಯ ಬಾಕಿ ಏನೋ ಇದೆ. ಬರಹಗಾರರು ಇಷ್ಟರಲ್ಲಿ ಒಂದನ್ನು ಆರಿಸಿಕೊಂಡರೆ ಉಳಿದವನ್ನೆಲ್ಲ ಬಿಟ್ಟಂತೆ. ಏನನ್ನು ಬಿಟ್ಟರು ಎಂದು ಕೇಳಿದರೆ ಧಾಟಿ ಬೇಗ ಕೈಗೆ ಸಿಗುತ್ತದೆ.

ಕೊನೆಯದಾಗಿ ಏಕವಚನ, ಬಹುವಚನ. ಇಲ್ಲಿ ಅವಸರದ ತೀರ್ಮಾನ ಬೇಡ. ನಾವು ಕಳ್ಳನನ್ನೂ ಏಕವಚನದಲ್ಲೇ ಕರೆಯುತ್ತೇವೆ, ಅಮ್ಮನನ್ನೂ, ದೇವರನ್ನೂ. ತಿರಸ್ಕಾರಕ್ಕೂ ಸಲಿಗೆಗೂ ಕನ್ನಡದಲ್ಲಿ ಒಂದೇ ಬಾಗಿಲು. ಬಹುವಚನವೂ ಅಷ್ಟೆ: ಕೆಲವೊಮ್ಮೆ ಗೌರವ, ಕೆಲವೊಮ್ಮೆ ದೂರ, ಅಂಕಣಕಾರನ "ಆಸೀನರಾಗಿ" ಎಂಬಂಥ ಕಡೆ ಅಣಕ. ಯಾವುದೆಂದು ಅಕ್ಕಪಕ್ಕದ ಪದಗಳು ಹೇಳುತ್ತವೆ.

ಇದನ್ನೆಲ್ಲ ಗುರುತು ಮಾಡಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ಸಾಲಲಿಲ್ಲ, ಎಲ್ಲಿ ವಾಕ್ಯ ಥಟ್ಟನೆ ನಿಂತಿತು? "ಎರಡು ಚೊಂಬು." ಅಲ್ಲಿ ಕ್ರಿಯಾಪದವಿಲ್ಲ, ಮಾತು ಮುಂದುವರಿಸಲು ಆಗದೆ ನಿಂತಂತಿದೆ.

ಹಂತ 4: ಮಾತನಾಡುತ್ತಿರುವುದು ಯಾರು?

ಪುಟದಲ್ಲಿ "ನಾನು" ಎನ್ನುವವರು ಬರೆದವರೇ ಆಗಿರಬೇಕಿಲ್ಲ. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಕಾಲೇಜಿನ ದಿನಗಳಲ್ಲಿ ವರದಕ್ಷಿಣೆಯನ್ನು ಹಾಡಿಹೊಗಳಿದ ಒಂದು ವಿಡಂಬನೆಯನ್ನು ನಿಜವೆಂದೇ ಓದಿ, ಅದನ್ನು ಖಂಡಿಸಿ ಎರಡು ಪುಟದ ಕಾಗದ ಬರೆದು ಗೆಳೆಯರಿಗೆಲ್ಲ ತೋರಿಸಿದ್ದೆ. ಅವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಈ ಹಂತಕ್ಕೆ ಜಗತ್ತೇ ಬಳಸುವ ಉದಾಹರಣೆ 1729ರಲ್ಲಿ ಡಬ್ಲಿನ್ನಿನಲ್ಲಿ ಹೆಸರಿಲ್ಲದೆ ಪ್ರಕಟವಾದ ಜೊನಾಥನ್ ಸ್ವಿಫ್ಟನ ಕಿರುಹೊತ್ತಿಗೆ. ಐರ್ಲೆಂಡಿನ ಬಡತನಕ್ಕೆ ಅದರಲ್ಲಿ ಮಾತನಾಡುವ ವ್ಯಕ್ತಿ ಒಂದು ಪರಿಹಾರ ಸೂಚಿಸುತ್ತಾನೆ: ಬಡವರ ಮಕ್ಕಳನ್ನು ವರ್ಷ ತುಂಬಿದ ಮೇಲೆ ಉಳ್ಳವರ ಊಟಕ್ಕೆ ಮಾರುವುದು. ವರ್ಷಕ್ಕೆ ಹುಟ್ಟುವ 1,20,000 ಬಡ ಮಕ್ಕಳಲ್ಲಿ 20,000 ಮಕ್ಕಳನ್ನು ಸಂತಾನಕ್ಕೆ ಉಳಿಸಿಕೊಂಡು ಮಿಕ್ಕ ಲಕ್ಷವನ್ನು ಮಾರಬಹುದು, ದಷ್ಟಪುಷ್ಟ ಮಗುವಿಗೆ ಹತ್ತು ಶಿಲಿಂಗ್ ಕೊಡಲು ಯಾವ ದೊಡ್ಡ ಮನುಷ್ಯನೂ ಹಿಂಜರಿಯಲಾರ ಎಂದು ಲೆಕ್ಕ ಕೊಡುತ್ತಾನೆ. ದನಿ ಎಲ್ಲಿಯೂ ಏರುವುದಿಲ್ಲ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದಿದಂತೆ. ಕೊನೆಯಲ್ಲಂತೂ, ಇದರಿಂದ ತನಗೆ ಯಾವ ಲಾಭವೂ ಇಲ್ಲ, ತನ್ನ ಕಿರಿಯ ಮಗುವಿಗೆ ಆಗಲೇ ಒಂಬತ್ತು ವರ್ಷ, ಹೆಂಡತಿಗೆ ಹೆರುವ ವಯಸ್ಸು ಮೀರಿದೆ ಎನ್ನುತ್ತಾನೆ. ಸ್ವಿಫ್ಟ್ ಸ್ವತಃ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್, ಅಂದರೆ ಅಲ್ಲಿನ ಹಿರಿಯ ಪಾದ್ರಿ. ಈ ಹೆಂಡತಿ, ಈ ಒಂಬತ್ತು ವರ್ಷದ ಮಗು ಅವನವರಲ್ಲ, ಅವನು ಹಾಕಿಕೊಂಡ ವೇಷದವರು.

ಹಾಗಾಗಿ ಇಲ್ಲಿ ಎರಡು ಧಾಟಿಗಳಿವೆ. ವೇಷದವನ ಧಾಟಿ ಸಜ್ಜನಿಕೆಯದು, ವೇಷ ಹಾಕಿದವನದು ಕುದಿಯುವ ಸಿಟ್ಟು. ಓದುಗರಿಗೆ ಬರುವ ವಾಕರಿಕೆ ಈ ಎರಡು ಉಜ್ಜಿದಾಗ ಹುಟ್ಟಿದ್ದು. ಅನುಮಾನ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತನಾಡುವವನಿಗೆ ಗೊತ್ತಿಲ್ಲದ್ದು ಏನಾದರೂ ಬರೆದವರಿಗೂ ನಮಗೂ ಗೊತ್ತಿದೆಯೇ?

ಹಂತ 5: ಧಾಟಿ ಎಲ್ಲಿ ತಿರುಗುತ್ತದೆ ನೋಡಿ

ಇಡೀ ಬರಹಕ್ಕೆ ಒಂದೇ ಧಾಟಿ ಎಂದುಕೊಳ್ಳಬೇಡಿ. ಬಸವಣ್ಣನವರ ಈ ಸಾಲುಗಳು ಬಹುತೇಕ ಎಲ್ಲರಿಗೂ ಬಾಯಿಪಾಠ, ಹಾಗಾಗಿಯೇ ಕಿವಿಗೆ ಬೀಳುವುದು ಕಡಿಮೆ:

*ಕಲ್ಲನಾಗರ ಕಂಡಡೆ ಹಾಲನೆರೆಯೆಂಬರು,*
*ದಿಟದ ನಾಗರ ಕಂಡಡೆ ಕೊಲ್ಲೆಂಬರಯ್ಯಾ.*
*ಉಂಬ ಜಂಗಮ ಬಂದಡೆ ನಡೆಯೆಂಬರು,*
*ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರಯ್ಯಾ.*

ಬೈಗುಳ ಹುಡುಕಿ, ಸಿಗುವುದಿಲ್ಲ. ಡಂಭ, ಮೌಢ್ಯ ಎಂಬ ತೀರ್ಪಿನ ಪದ ಒಂದೂ ಇಲ್ಲ. ಇರುವುದು ಎರೆ, ಕೊಲ್ಲು, ನಡೆ, ಹಿಡಿ ಎಂಬ ನಾಲ್ಕು ಅಪ್ಪಣೆಗಳು ಮತ್ತು "ಎಂಬರು". ಜನ ಹೀಗನ್ನುತ್ತಾರಪ್ಪಾ ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗಿದೆ. "ಎಂಬಿರಿ" ಎಂದಿದ್ದರೆ ನಾವು ಮೊದಲ ಸಾಲಿಗೇ ಎದ್ದು ಹೋಗುತ್ತಿದ್ದೆವು. "ಎಂಬರು" ಎಂದದ್ದರಿಂದ ಯಾರನ್ನೋ ನೋಡಿ ನಗಲು ಕೂರುತ್ತೇವೆ, ಸಾಲಿನ ಕೊನೆಯ "ಅಯ್ಯಾ" ನಮ್ಮ ಹೆಗಲ ಮೇಲೆ ಕೈ ಹಾಕುತ್ತದೆ. ಮೂರನೆಯ ಸಾಲಿನ ಹೊತ್ತಿಗೆ ನಿನ್ನೆ ಬಾಗಿಲಿಗೆ ಬಂದು ಹಸಿದುಕೊಂಡೇ ಹಿಂದಿರುಗಿದವರ ನೆನಪಾಗುತ್ತದೆ. ನಗು ಮುಜುಗರವಾಗುವ ಜಾಗ ಅದು. ಆಮೇಲೆ ವಚನದ ಮುಕ್ತಾಯ: ಶರಣರನ್ನು ಕಂಡು ಉದಾಸೀನ ಮಾಡಿದವರು *ಕಲ್ಲ ತಾಗಿದ ಮಿಟ್ಟೆಯಂತಪ್ಪರಯ್ಯಾ*. ಕಲ್ಲಿಗೆ ಬಡಿದ ಮಣ್ಣಿನ ಹೆಂಟೆ ಪುಡಿಯಾಗುತ್ತದೆ. ಅದೇ "ಅಯ್ಯಾ" ಇಲ್ಲಿಯೂ ಇದೆ, ಆದರೆ ಹೆಗಲ ಮೇಲಿನ ಕೈ ಈಗ ಭಾರ. ಹರಟೆಯ ಧಾಟಿ ಎಚ್ಚರಿಕೆಗೆ ತಿರುಗಿದೆ.

ತಿರುವು ಇರುವಲ್ಲಿ ಅಂಚಿಗೆ ಒಂದು ಕೊಕ್ಕೆ ಗುರುತು ಹಾಕಿ. ಸಾಮಾನ್ಯವಾಗಿ "ಆದರೆ", "ಅಂತೂ" ಎಂಬ ಪದಗಳ ಹತ್ತಿರ, ಕಾಲ ಬದಲಾಗುವ ಕ್ರಿಯಾಪದಗಳ ಹತ್ತಿರ, ಕೊನೆಯ ಎರಡು ವಾಕ್ಯಗಳಲ್ಲಿ ಅದು ಸಿಗುತ್ತದೆ.

ಹಂತ 6: ಸರಿಯಾದ ಹೆಸರಿಡಿ

ನಮ್ಮಲ್ಲಿ ಎಲ್ಲಕ್ಕೂ "ವ್ಯಂಗ್ಯ" ಎಂಬ ಒಂದೇ ಚೀಟಿ ಅಂಟಿಸುವ ಅಭ್ಯಾಸವಿದೆ. ಕನ್ನಡ ಅಷ್ಟು ಬಡ ಭಾಷೆಯಲ್ಲ. ಕಟಕಿ ಚುಚ್ಚುತ್ತದೆ, ಆದರೆ ಚುಚ್ಚಿಸಿಕೊಂಡವನೂ ನಗಬಹುದು. ಕುಹಕದಲ್ಲಿ ಎದುರಿನವನು ಬೀಳಲಿ ಎಂಬ ಆಸೆ ಸೇರಿದೆ. ಲೇವಡಿ ಹತ್ತು ಜನರ ಮುಂದೆ ನಡೆಯುವಂಥದ್ದು. ಅಣಕಕ್ಕೆ ಇನ್ನೊಬ್ಬರ ಮಾತನ್ನೇ ತಿರುಗಿಸಿ ಆಡಬೇಕು. ಮೂದಲಿಕೆಯಲ್ಲಿ ಹತ್ತಿರದವರ ಹಕ್ಕಿದೆ. ಹೊರಗಿನವರು ಮೂದಲಿಸಿದರೆ ಅದು ಅವಮಾನವಾಗುತ್ತದೆ. ದುಃಖದ ಕಡೆಯೂ ಹಾಗೆಯೇ: ಅಳಲು ಕೇಳುವವರನ್ನು ಬೇಡುತ್ತದೆ, ವಿಷಾದಕ್ಕೆ ಯಾರೂ ಬೇಕಿಲ್ಲ, ಹಳಹಳಿಕೆ ಕಳೆದದ್ದನ್ನೇ ಮೆಲುಕು ಹಾಕುತ್ತದೆ. ಕನಿಕರ ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಮರುಕ ಹಾಗಲ್ಲ. ಉಡಾಫೆ, ಗತ್ತು, ಅಕ್ಕರೆ, ಬೆರಗು, ನಿರ್ಲಿಪ್ತತೆ, ಇವನ್ನೂ ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಒಂದು ಪದ ಸಾಲದಿದ್ದರೆ ಎರಡು ಸೇರಿಸಿ. ಬಸವಣ್ಣನವರ ಮೇಲಿನ ಸಾಲುಗಳಿಗೆ ನಾನು ಬರೆದುಕೊಂಡದ್ದು "ಸಲಿಗೆಯ ಮೂದಲಿಕೆ". ನಿಮ್ಮದು ಬೇರೆಯಾದರೆ ಸಾಲನ್ನು ತೋರಿಸಿ ವಾದ ಮಾಡಿ, ಸೋಲಲು ನಾನು ತಯಾರಿದ್ದೇನೆ.

ಪರೀಕ್ಷೆ ಬರೆಯುವ ಮಕ್ಕಳಿಗೂ ಒಂದು ಮಾತು. "ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ" ಎಂಬ ಪ್ರಶ್ನೆಗೆ "ಇಲ್ಲಿ ಕವಿಯ ಭಾವನೆ ಮಾರ್ಮಿಕವಾಗಿ ಮೂಡಿಬಂದಿದೆ" ಎಂದು ಬರೆದರೆ ಯಾವ ಸಾಲಿಗೂ ಹೊಂದುತ್ತದೆ, ಹಾಗಾಗಿ ಯಾವ ಸಾಲಿನದೂ ಅಲ್ಲ. ಧಾಟಿಯ ಹೆಸರು, ಅದನ್ನು ತೋರಿಸುವ ಪದ, ಅದರಿಂದ ಹುಟ್ಟುವ ಭಾವ, ಈ ಮೂರನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ: "ಅಪ್ಪಣೆಗಳನ್ನೆಲ್ಲ 'ಎಂಬರು' ಎಂದು ಇತರರ ಬಾಯಿಗೆ ಹಾಕಿರುವುದರಿಂದ ಮೂದಲಿಕೆಯ ಧಾಟಿ ಮೊದಲು ನಗೆಯನ್ನೂ ಆಮೇಲೆ ಮುಜುಗರವನ್ನೂ ಹುಟ್ಟಿಸುತ್ತದೆ."

ಹಂತ 7: ಒಂದು ಅಕ್ಷರ ಬದಲಿಸಿ, ಗೂಟದ ಹತ್ತಿರ ಹೋಗಿ

ನೀವು ಹಿಡಿದ ಧಾಟಿ ಸರಿಯೇ ಎಂದು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಧಾಟಿಗೆ ಕಾರಣವೆಂದು ನಿಮಗೆ ಅನ್ನಿಸಿದ ಪದವನ್ನು ಬದಲಿಸಿ ಮತ್ತೆ ಓದಿ. ಅಂಚಿನಲ್ಲಿ ಮೊದಲು ಬರೆದುಕೊಂಡ ಭಾವ ಹಾಗೆಯೇ ಉಳಿದರೆ ನೀವು ತಪ್ಪು ಪದ ಹಿಡಿದಿದ್ದೀರಿ. ಭಾವವೂ ಕದಲಿದರೆ ಸರಿಯಾದದ್ದೇ ಸಿಕ್ಕಿದೆ. ಕಥೆಗಾರ್ತಿಯ ಭಾಗದಲ್ಲಿ "ಇದ್ದಳು, ತಂದಳು, ಹೋದಳು" ಎಂಬುದನ್ನು "ಇದ್ದರು, ತಂದರು, ಹೋದರು" ಎಂದು ಮಾಡಿ ಓದಿ ನೋಡಿ. ಮರ ಬೀಳುತ್ತದೆ, ನೀರು ಬರುತ್ತದೆ, ಎಣ್ಣೆಯ ಮಾತೂ ಬರುತ್ತದೆ. ಆದರೆ ಜಗುಲಿಯಲ್ಲಿ ಈಗ ಕೂತಿರುವವರು ಪಕ್ಕದ ಮನೆಯ ಗೌರಮ್ಮನವರು.